ಗೋಡೆ ಮೇಲೆ ಸ್ಮಾರ್ಟ್ ಎಲ್‌ಇಡಿ: ಬಾಡಿಗೆ ಮನೆಯವರು ಹಾಕಬೇಕಾದ ಲೆಕ್ಕ

ರಾಜಾಜಿನಗರದ ಪಕ್ಕದ ಮಲ್ಲೇಶ್ವರದಲ್ಲಿ ಮೈಸೂರು ಲ್ಯಾಂಪ್ಸ್ ಕಾರ್ಖಾನೆ ಶುರುವಾಗಿದ್ದು 1936ರಲ್ಲಿ, ಬಾಗಿಲು ಹಾಕಿದ್ದು 2003ರಲ್ಲಿ. ಅಲ್ಲಿಂದ ಬಂದ ಬಲ್ಬಿಗೆ ಗೊತ್ತಿದ್ದದ್ದು ಎರಡೇ ಕೆಲಸ, ಉರಿಯೋದು ಮತ್ತು ಆರೋದು. ಈಗ ಅದೇ ಏರಿಯಾದ ಬಾಡಿಗೆ ಮನೆಗಳ ಗೋಡೆ ಏರುತ್ತಿರುವ ಷಟ್ಕೋನದ ಲೈಟುಗಳಿಗೆ ವೈಫೈ ಪಾಸ್‌ವರ್ಡ್ ಬೇಕು, ಆಪ್ ಬೇಕು, ಅಕೌಂಟ್ ಬೇಕು. ಹಾಕಬೇಡಿ ಅಂತ ಹೇಳೋಕೆ ನಾನು ಬರ್ತಿಲ್ಲ, ನನ್ನ ಮನೆಯಲ್ಲೂ ಇವೆ. ಆದರೆ ಕೊಳ್ಳುವ ಮುಂಚೆ ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ಬಾಕ್ಸ್ ಮೇಲೆ ಯಾರೂ ಬರೆದಿರೋದಿಲ್ಲ.

ಇವು ಮಾಡ್ಯುಲರ್ ಫಲಕಗಳು. ಒಂದಕ್ಕೊಂದು ಕನೆಕ್ಟರ್‌ನಿಂದ ಜೋಡಿಸುತ್ತಾ ಹೋಗಬಹುದು. ಅಡಾಪ್ಟರ್ ಒಂದು, ಕಂಟ್ರೋಲರ್ ಒಂದು, ಉಳಿದದ್ದೆಲ್ಲ ಸರಪಳಿ. ಈ ಮಾದರಿಯನ್ನು ಜನಪ್ರಿಯ ಮಾಡಿದ ನ್ಯಾನೋಲೀಫ್ ಕಂಪನಿ ಟೊರಾಂಟೋ ವಿಶ್ವವಿದ್ಯಾಲಯದ ಮೂವರು ಪದವೀಧರರು ಕಟ್ಟಿದ್ದು. ಅದರ ಷಟ್ಕೋನದ ಫಲಕ ಒಂದಕ್ಕೆ ಹೆಚ್ಚೆಂದರೆ 2 ವ್ಯಾಟ್. 42 ವ್ಯಾಟಿನ ಅಡಾಪ್ಟರ್ ಇದ್ದರೆ 21 ಫಲಕ ಹಾಕಬಹುದು, ಅದಕ್ಕಿಂತ ಹೆಚ್ಚು ಬೇಕಾದರೆ ಇನ್ನೊಂದು ಅಡಾಪ್ಟರ್. ಬೇರೆ ಬ್ರಾಂಡ್ ಆದರೂ ಲೆಕ್ಕದ ದಾರಿ ಇದೇ: ಅಡಾಪ್ಟರಿನ ವ್ಯಾಟ್ ಅನ್ನು ಒಂದು ಫಲಕದ ವ್ಯಾಟ್‌ನಿಂದ ಭಾಗಿಸಿ.

ಕರೆಂಟ್ ಬಿಲ್‌ಗೆ ಬರೋಣ. ಒಂಬತ್ತು ಫಲಕ ಅಂದರೆ 18 ವ್ಯಾಟ್. ದಿನಕ್ಕೆ ಐದು ಗಂಟೆ ಪೂರ್ತಿ ಪ್ರಕಾಶದಲ್ಲಿ ಉರಿಸಿದರೂ ತಿಂಗಳಿಗೆ 2.7 ಯೂನಿಟ್. ಆಫ್ ಮಾಡಿದಾಗಲೂ ವೈಫೈಗಾಗಿ ಎಚ್ಚರವಾಗಿರುವ ಕಂಟ್ರೋಲರ್ ಅರ್ಧ ವ್ಯಾಟ್ ತಿಂದರೆ ತಿಂಗಳಿಗೆ 0.36 ಯೂನಿಟ್. ಫ್ಯಾನಿನ ಮುಂದೆ ಇದು ಏನೂ ಅಲ್ಲ. ಆದರೂ ಗೃಹಜ್ಯೋತಿಯಲ್ಲಿ ಇರುವವರು ಒಂದು ವಿಷಯ ಗಮನಿಸಬೇಕು. 200 ಯೂನಿಟ್ ಎಲ್ಲರಿಗೂ ಫ್ರೀ ಅಂತ ತುಂಬಾ ಜನ ಈಗಲೂ ಅಂದುಕೊಂಡಿದ್ದಾರೆ. 2023ರಲ್ಲಿ ಯೋಜನೆ ಬಂದಾಗಲೇ ನಿಯಮ ಬೇರೆ ಇತ್ತು: 2022-23ರ ನಿಮ್ಮ ಮೀಟರಿನ ಸರಾಸರಿ ಬಳಕೆ, ಅದರ ಮೇಲೆ ಶೇ 10. ಅದು ದಾಟಿದರೆ ಹೆಚ್ಚಿನ ಯೂನಿಟ್‌ಗೆ ದುಡ್ಡು ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್. ಮಿತಿಯ ಅಂಚಿನಲ್ಲಿರುವ ಮನೆಗೆ ಎರಡು-ಮೂರು ಯೂನಿಟ್ ಕೂಡ ಲೆಕ್ಕಕ್ಕೆ ಬರುತ್ತೆ. ಬಿಲ್‌ನಲ್ಲಿ ನಿಮ್ಮ ಅರ್ಹ ಯೂನಿಟ್ ಎಷ್ಟಿದೆ ನೋಡಿಕೊಳ್ಳಿ. ಅಂದಹಾಗೆ ಮನೆ ಬದಲಿಸಿದವರು ಹಳೇ ಮೀಟರಿನಿಂದ ಡಿ-ಲಿಂಕ್ ಮಾಡಿಸಿಕೊಳ್ಳುವುದನ್ನೂ ಮರೆಯಬೇಡಿ.

ನಿಜವಾದ ಖರ್ಚು ಗೋಡೆಯದು. ನಮ್ಮ ಹಿಂದಿನ ಬಸವೇಶ್ವರನಗರದ ಮನೆಯಲ್ಲಿ ಡಬಲ್ ಸೈಡ್ ಟೇಪ್ ಅಂಟಿಸಿ, ಖಾಲಿ ಮಾಡುವ ದಿನ ಸೀದಾ ಎಳೆದೆ. ಬಣ್ಣದ ಜೊತೆ ಪುಟ್ಟಿಯೂ ಕಿತ್ತು ಬಂತು. ಓನರ್ ಆಂಟಿ ಬೈಯಲಿಲ್ಲ, "ಏನಪ್ಪಾ ಇದು, ಗೋಡೆಗೆ ಸಿಡುಬು ಬಂದಿದೆಯಲ್ಲ" ಅಂದರು ಅಷ್ಟೇ. ಅಡ್ವಾನ್ಸ್‌ನಲ್ಲಿ ಹೇಗಿದ್ದರೂ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಹೋಗುತ್ತೆ. ನನ್ನದು ಅದಕ್ಕಿಂತ ಜಾಸ್ತಿ ಹೋಯ್ತು.

ಹಾಗಾಗಿ ಮೊದಲು ಗೋಡೆಯನ್ನು ಅಂಗೈಯಿಂದ ಉಜ್ಜಿ ನೋಡಿ. ಕೈಗೆ ಪುಡಿ ಹತ್ತಿದರೆ ಅದು ಸುಣ್ಣ ಅಥವಾ ಡಿಸ್ಟೆಂಪರ್, ಟೇಪ್ ನಿಲ್ಲೋದಿಲ್ಲ, ರಾತ್ರಿ ಎರಡು ಗಂಟೆಗೆ ಫಲಕ ತಲೆ ಮೇಲೆ ಬೀಳುತ್ತೆ. ಮಳೆಗಾಲದಲ್ಲಿ ತೇವ ಹೀರುವ ಹೊರಗೋಡೆಯೂ ಬೇಡ. ಎಮಲ್ಷನ್ ಬಣ್ಣದ ಒಣ ಒಳಗೋಡೆ ಸರಿ. ಫಲಕಗಳನ್ನು ಮೊದಲು ನೆಲದ ಮೇಲೆ ಜೋಡಿಸಿ, ಪ್ಲಗ್ ಪಾಯಿಂಟಿನ ಹತ್ತಿರ ಬರುವ ಫಲಕದಿಂದಲೇ ಸರಪಳಿ ಶುರುವಾಗುವ ಹಾಗೆ ನೋಡಿಕೊಳ್ಳಿ. ಹಳೇ ಪೇಪರ್ ಹಾಸಿ ಆಕಾರ ಬರೆದು, ಆ ಪೇಪರನ್ನೇ ಗೋಡೆಗೆ ಹಚ್ಚಿ ಒಂದು ದಿನ ನೋಡಿ. ಮಂಚದಲ್ಲಿ ಮಲಗಿದಾಗ ಕಣ್ಣಿಗೆ ಹೊಡೆಯುತ್ತಾ, ಟೀವಿ ಪರದೆಯಲ್ಲಿ ಪ್ರತಿಫಲಿಸುತ್ತಾ ಅನ್ನೋದು ಆಗಲೇ ಗೊತ್ತಾಗುತ್ತೆ. ನೆಲದಲ್ಲೇ ಒಮ್ಮೆ ಎಲ್ಲ ಫಲಕ ಉರಿಸಿ ನೋಡಿ, ಕೆಟ್ಟದ್ದಿದ್ದರೆ ವಾಪಸ್ ಕೊಡೋದು ಸುಲಭ. ತೆಗೆಯುವಾಗ ಎಳೆಯಬೇಡಿ. ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ, ಗಟ್ಟಿ ದಾರವನ್ನು ಫಲಕದ ಹಿಂದೆ ಗರಗಸದಂತೆ ಆಡಿಸಿ.

ಇನ್ನು ವೈಫೈ. ಹೆಚ್ಚಿನ ಸ್ಮಾರ್ಟ್ ಲೈಟುಗಳಿಗೆ 2.4 ಗಿಗಾಹರ್ಟ್ಸ್ ಮಾತ್ರ ಅರ್ಥವಾಗೋದು. ರೂಟರ್ ಎರಡೂ ಬ್ಯಾಂಡ್‌ಗೆ ಒಂದೇ ಹೆಸರು ಕೊಟ್ಟಿದ್ದರೆ ಸೆಟಪ್ ಅರ್ಧಕ್ಕೆ ನಿಲ್ಲಬಹುದು. ಅದು ಮುಗಿಯುವವರೆಗೆ 5 ಗಿಗಾಹರ್ಟ್ಸ್ ಆಫ್ ಮಾಡಿ. ಆಪ್ ಲೊಕೇಷನ್ ಕೇಳಿದರೆ ಅದಕ್ಕೊಂದು ಕಾರಣವಿದೆ, ಸುತ್ತಲಿನ ಬ್ಲೂಟೂತ್ ಮತ್ತು ವೈಫೈ ಸಾಧನ ಹುಡುಕಲು ಆಂಡ್ರಾಯ್ಡ್ ಅದನ್ನು ಬೇಡುತ್ತಿತ್ತು. ಕೆಲಸ ಮುಗಿದ ಮೇಲೂ ಆ ಅನುಮತಿ ಇಟ್ಟುಕೊಳ್ಳಲು ಕಾರಣವಿಲ್ಲ, ತೆಗೆದುಹಾಕಿ. ಹಾಡಿಗೆ ತಕ್ಕಂತೆ ಕುಣಿಯುವ ಫಲಕದೊಳಗೆ ಸಾಮಾನ್ಯವಾಗಿ ಮೈಕ್ ಇರುತ್ತೆ ಅನ್ನೋದೂ ನೆನಪಿರಲಿ. ಆಧಾರ್ ವಿರುದ್ಧ ಪೋಸ್ಟ್ ಹಾಕುವ ನಾವು ಬೆಡ್‌ರೂಮಿಗೆ ಮೈಕ್ ತಂದು, ಒಪ್ಪಿಗೆ ಪತ್ರ ಓದದೆ 'ಅಗ್ರೀ' ಒತ್ತುತ್ತೇವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ನಿಂತಿರೋದೇ ಬಹುಪಾಲು ಆ ಒಪ್ಪಿಗೆಯ ಮೇಲೆ.

ಸರ್ವರ್ ವಿಷಯ ಇನ್ನೂ ಗಂಭೀರ. ಅಮೆರಿಕದ ಇನ್‌ಸ್ಟಿಯಾನ್ ಕಂಪನಿ 2022ರ ಏಪ್ರಿಲ್‌ನಲ್ಲಿ ಮುನ್ಸೂಚನೆಯಿಲ್ಲದೆ ಸರ್ವರ್ ನಿಲ್ಲಿಸಿತು. ದುಡ್ಡು ಕೊಟ್ಟು ಕೊಂಡವರ ಮನೆಯ ಲೈಟುಗಳು ಆಪ್‌ನ ಮಾತು ಕೇಳೋದು ಬಿಟ್ಟವು. ವಸ್ತು ನಿಮ್ಮದು, ಸ್ವಿಚ್ ಕಂಪನಿಯದು ಅನ್ನುವ ಈ ವ್ಯವಹಾರವನ್ನು ನಾವು ಯಾಕೆ ಇಷ್ಟು ಸಲೀಸಾಗಿ ಒಪ್ಪಿಕೊಂಡೆವೋ ಗೊತ್ತಿಲ್ಲ. ಕೊಳ್ಳುವಾಗ ಮ್ಯಾಟರ್ ಗುರುತಿದೆಯಾ ನೋಡಿ. 2022ರ ಅಕ್ಟೋಬರ್‌ನಲ್ಲಿ ಬಂದ ಈ ಮಾನದಂಡ ಮನೆಯ ನೆಟ್‌ವರ್ಕ್ ಒಳಗೇ ಕೆಲಸ ಮಾಡುತ್ತೆ, ಇಂಟರ್ನೆಟ್ ಹೋದರೂ ಲೈಟ್ ಆನ್ ಆಗುತ್ತೆ.

ನನ್ನ ಆಯ್ಕೆ ಕೊನೆಗೆ ಎಸ್‌ಪಿ ರೋಡ್. ಡಬ್ಲ್ಯುಎಸ್2812ಬಿ ಎಲ್‌ಇಡಿ ಸ್ಟ್ರಿಪ್, ಇಎಸ್‌ಪಿ32 ಬೋರ್ಡು, 5 ವೋಲ್ಟಿನ ಪವರ್ ಸಪ್ಲೈ, ಅದರ ಮೇಲೆ ಡಬ್ಲ್ಯುಎಲ್‌ಇಡಿ ಎಂಬ ಮುಕ್ತ ತಂತ್ರಾಂಶ. ಅಕೌಂಟ್ ಇಲ್ಲ, ಸರ್ವರ್ ಇಲ್ಲ. ಆದರೆ ಇಲ್ಲಿ ಲೆಕ್ಕ ತಪ್ಪಿದರೆ ವೈರ್ ಸುಡುತ್ತೆ. ಪೂರ್ತಿ ಬಿಳಿ ಬೆಳಕಿನಲ್ಲಿ ಒಂದೊಂದು ಎಲ್‌ಇಡಿ 60 ಮಿಲಿಆಂಪ್‌ವರೆಗೆ ಎಳೆಯುತ್ತೆ. ಮೀಟರಿಗೆ 60ರಂತೆ ಐದು ಮೀಟರ್ ಅಂದರೆ 300 ಎಲ್‌ಇಡಿ, 18 ಆಂಪಿಯರ್, 90 ವ್ಯಾಟ್. ಮೊಬೈಲ್ ಚಾರ್ಜರ್ ಸಾಲೋದಿಲ್ಲ. ತಂತ್ರಾಂಶದಲ್ಲಿ ಕರೆಂಟಿಗೆ ಮಿತಿ ಹಾಕುವ ಸೆಟ್ಟಿಂಗ್ ಇದೆ, ಅದನ್ನು ಪವರ್ ಸಪ್ಲೈಗಿಂತ ಕೆಳಗಿಡಿ. ಸ್ಟ್ರಿಪ್ಪಿನ ಎರಡೂ ತುದಿಗೆ ವಿದ್ಯುತ್ ಕೊಡಿ, ಇಲ್ಲದಿದ್ದರೆ ದೂರದ ತುದಿ ಬಿಳಿ ಹೋಗಿ ಕೆಂಪಗಾಗುತ್ತೆ. ದಪ್ಪ ವೈರ್ ಹಾಕಿ, ಫ್ಯೂಸ್ ಇಡಿ. ತಗಡಿನ ಡಬ್ಬಿಯ ಎಸ್‌ಎಂಪಿಎಸ್ ಆದರೆ 230 ವೋಲ್ಟಿನ ಸ್ಕ್ರೂಗಳು ಬಯಲಲ್ಲಿರುತ್ತವೆ, ಮುಚ್ಚಿ. ಅದಕ್ಕೆ ಅರ್ಥಿಂಗ್ ಬೇಕೇ ಬೇಕು. ಹಳೇ ಮನೆಗಳಲ್ಲಿ ಮೂರನೇ ತೂತು ಇದ್ದರೂ ಹಿಂದೆ ವೈರ್ ಇರೋದಿಲ್ಲ, ಎಲೆಕ್ಟ್ರಿಷಿಯನ್ ಕರೆಸಿ ಒಮ್ಮೆ ಪರೀಕ್ಷೆ ಮಾಡಿಸಿ.

ರೆಡಿಮೇಡ್ ಕೊಂಡರೂ ಅಡಾಪ್ಟರ್ ಮೇಲೆ ಬಿಐಎಸ್ ಗುರುತು ಮತ್ತು 'ಆರ್' ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು. ಬಿಐಎಸ್ ಕೇರ್ ಆಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಅಸಲಿಯೋ ನಕಲಿಯೋ ಅಂಗಡಿಯಲ್ಲೇ ನಿಂತು ನೋಡಬಹುದು.