ಹಳೆಯ ಕಾರುಗಳಲ್ಲಿ ಕೂಲೆಂಟಿನ ಗುಪ್ತ ಸೋರಿಕೆ

ಕೂಲೆಂಟಿನ ಗುಪ್ತ ಸೋರಿಕೆ ಎಂದರೆ ಕಾರಿನ ಎಂಜಿನನ್ನು ತಂಪಾಗಿಡುವ ದ್ರವವು ನೆಲದ ಮೇಲೆ ಒಂದು ಹನಿಯೂ ಕಾಣದಂತೆ ಕಡಿಮೆಯಾಗುತ್ತ ಹೋಗುವ ದೋಷ. ಈ ದ್ರವವು ಬಿಸಿ ಲೋಹದ ಮೇಲೆ ಬಿದ್ದು ಆವಿಯಾಗಬಹುದು, ಸಿಲಿಂಡರನ್ನು ಸೇರಿ ಹೊಗೆಯೊಡನೆ ಹೊರಹೋಗಬಹುದು ಅಥವಾ ಎಂಜಿನ್ ಎಣ್ಣೆಯಲ್ಲಿ ಬೆರೆಯಬಹುದು. ಮುಚ್ಚಿದ ವ್ಯವಸ್ಥೆಯಲ್ಲಿ ಕೂಲೆಂಟ್ ಪೆಟ್ರೋಲಿನಂತೆ ಖರ್ಚಾಗುವ ವಸ್ತುವಲ್ಲ. ಆದ್ದರಿಂದ ಅದನ್ನು ಪದೇ ಪದೇ ತುಂಬಬೇಕಾಗಿ ಬಂದರೆ ಎಲ್ಲಿಯೋ ಸೋರಿಕೆಯಿದೆ ಎಂದೇ ತಿಳಿಯಬೇಕು. ಬರಿಯ ನೀರು ತುಂಬುತ್ತ ಸಾಗುವುದರಿಂದ ದೋಷ ಮರೆಯಾಗುತ್ತದೆ. ಆ ನೀರು ಗಡಸಾಗಿದ್ದರೆ ದೋಷ ಇನ್ನಷ್ಟು ಬೆಳೆಯುತ್ತದೆ.

ತಂಪುಗೊಳಿಸುವ ವ್ಯವಸ್ಥೆ

ಎಂಜಿನ್ನಿನ ಬ್ಲಾಕ್ ಮತ್ತು ಹೆಡ್‌ಗಳ ಒಳಗೆ ನೀರಿನ ಹಾದಿಗಳಿರುತ್ತವೆ. ವಾಟರ್ ಪಂಪ್ ದ್ರವವನ್ನು ಈ ಹಾದಿಗಳಲ್ಲಿ ಹರಿಸುತ್ತದೆ, ಥರ್ಮೋಸ್ಟಾಟ್ ಹರಿವನ್ನು ನಿಯಂತ್ರಿಸುತ್ತದೆ, ರೇಡಿಯೇಟರ್ ಶಾಖವನ್ನು ಗಾಳಿಗೆ ಬಿಡುತ್ತದೆ. ರೇಡಿಯೇಟರಿನ ಮುಚ್ಚಳವು ಕೇವಲ ಮುಚ್ಚಳವಲ್ಲ. ಅದೊಂದು ಒತ್ತಡದ ಕವಾಟ. 1983ರಿಂದ 2014ರವರೆಗೆ ತಯಾರಾದ ಮಾರುತಿ 800ರಂತಹ ಕಾರುಗಳಲ್ಲಿ ಅದು ಪ್ರತಿ ಚದರ ಸೆಂ.ಮೀ.ಗೆ ಸುಮಾರು 0.9 ಕಿ.ಗ್ರಾಂ ಒತ್ತಡವನ್ನು ಹಿಡಿದಿಡುತ್ತದೆ. ಈ ಒತ್ತಡದಿಂದ ನೀರಿನ ಕುದಿಬಿಂದು 100 ಡಿಗ್ರಿ ಸೆಲ್ಸಿಯಸ್‌ನಿಂದ ಸುಮಾರು 118 ಡಿಗ್ರಿಗೆ ಏರುತ್ತದೆ. ಸೋರಿಕೆಯಾದಾಗ ದ್ರವದ ಜೊತೆಗೆ ಒತ್ತಡವೂ ನಷ್ಟವಾಗುವುದರಿಂದ ಉಳಿದ ದ್ರವ ಬೇಗ ಕುದಿಯುತ್ತದೆ.

ಗಡಸು ನೀರು ಮತ್ತು ಲೋಕಾಪುರ ಪ್ರದೇಶ

ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲ್ಲೂಕಿನ ಲೋಕಾಪುರದ ಸುತ್ತಲಿನ ನೆಲ ಸುಣ್ಣಕಲ್ಲು ಹಾಗೂ ಡಾಲಮೈಟ್‌ಗಳಿಗೆ ಹೆಸರಾದುದು. ಭೂವಿಜ್ಞಾನಿಗಳು ಕಲಾದಗಿ ಶಿಲಾಸಮೂಹದ ಒಂದು ಉಪಗುಂಪನ್ನು ಲೋಕಾಪುರದ ಹೆಸರಿನಿಂದಲೇ ಗುರುತಿಸುತ್ತಾರೆ. ಇಂತಹ ನೆಲದ ಕೊಳವೆಬಾವಿಯ ನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಕರಗಿರುತ್ತವೆ. ನೀರು ಕಾದಾಗ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಒಡೆದು ಕರಗದ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಅಂಟಿಕೊಳ್ಳುತ್ತದೆ. ಬಚ್ಚಲಮನೆಯ ಹಂಡೆಯೊಳಗೆ ಕಟ್ಟುವ ಬಿಳಿಯ ಚಕ್ಕೆ ಇದೇ.

ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಈ ಚಕ್ಕೆ ಕಟ್ಟಿದರೆ ಹರಿವು ತಗ್ಗಿ ಎಂಜಿನ್ ಹೆಚ್ಚು ಕಾಯುತ್ತದೆ. ತುಕ್ಕು ತಡೆಯುವ ರಾಸಾಯನಿಕಗಳಿಲ್ಲದ ಬರಿ ನೀರು ಒಳಗಿನ ಕಬ್ಬಿಣವನ್ನು ತಿನ್ನುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು ಹಾಗೂ ಕಬ್ಬಿನ ಹಂಗಾಮಿನಲ್ಲಿ ಹೇರು ತುಂಬಿದ ಟ್ರ್ಯಾಕ್ಟರುಗಳ ಹಿಂದೆ ನಿಧಾನವಾಗಿ ಸಾಗಬೇಕಾದ ಸ್ಥಿತಿ ಇದಕ್ಕೆ ಜೊತೆಯಾಗುತ್ತವೆ. ಸಣ್ಣ ಸೋರಿಕೆಗೆ ನೀರು ಸುರಿಯುವುದು, ಆ ನೀರಿನಿಂದ ಚಕ್ಕೆ ಮತ್ತು ತುಕ್ಕು, ಅದರಿಂದ ಅತಿಶಾಖ, ಅತಿಶಾಖದಿಂದ ಹೆಡ್ ಗ್ಯಾಸ್ಕೆಟ್ಟಿನ ನಾಶ – ಹಳೆಯ ಎಂಜಿನ್ ಹಾಳಾಗುವ ಸಾಮಾನ್ಯ ಹಾದಿ ಇದು.

ಸೋರಿಕೆಯ ತಾಣಗಳು

* ವಾಟರ್ ಪಂಪ್: ಒಳಗಿನ ಸೀಲ್ ಸವೆದಾಗ ಪಂಪಿನ ಅಡಿಯ ಸಣ್ಣ ರಂಧ್ರದಿಂದ ದ್ರವ ಜಿನುಗುತ್ತದೆ. ಎಂಜಿನ್ ಬಿಸಿಯಿರುವಾಗ ಅದು ನೆಲ ಮುಟ್ಟುವ ಮೊದಲೇ ಒಣಗುತ್ತದೆ.
* ವೆಲ್ಚ್ ಪ್ಲಗ್: ಬ್ಲಾಕಿನ ಎರಕದ ತೂತುಗಳನ್ನು ಮುಚ್ಚುವ ತಗಡಿನ ಬಿಲ್ಲೆಗಳು ಒಳಗಿನಿಂದ ತುಕ್ಕು ಹಿಡಿಯುತ್ತವೆ. ಕೆಲವು ಬಿಲ್ಲೆಗಳು ಗೇರ್‌ಬಾಕ್ಸ್ ಅಥವಾ ಮ್ಯಾನಿಫೋಲ್ಡ್‌ಗಳ ಮರೆಯಲ್ಲಿರುತ್ತವೆ.
* ಹೀಟರ್: ಹೀಟರ್ ಇರುವ ಕಾರುಗಳಲ್ಲಿ ಅದರ ಸಣ್ಣ ರೇಡಿಯೇಟರ್ ಡ್ಯಾಶ್‌ಬೋರ್ಡಿನೊಳಗಿದ್ದು, ಸೋರಿದ ದ್ರವ ಕಾರ್ಪೆಟ್ಟಿನಡಿ ಇಂಗುತ್ತದೆ.
* ಇನ್‌ಟೇಕ್ ಮ್ಯಾನಿಫೋಲ್ಡ್: ಕಾರ್ಬ್ಯುರೇಟರ್ ಕಾಲದ ಹಲವು ಎಂಜಿನ್‌ಗಳಲ್ಲಿ ಇದನ್ನು ಬಿಸಿ ಕೂಲೆಂಟಿನಿಂದ ಬೆಚ್ಚಗಿಡಲಾಗುತ್ತದೆ. ಇಲ್ಲಿನ ಗ್ಯಾಸ್ಕೆಟ್ ಕೆಟ್ಟರೆ ದ್ರವ ನೇರವಾಗಿ ಸಿಲಿಂಡರಿಗೆ ಹೋಗುತ್ತದೆ.
* ಹೆಡ್ ಗ್ಯಾಸ್ಕೆಟ್ ಮತ್ತು ಹೆಡ್: ಗ್ಯಾಸ್ಕೆಟ್ ಸುಟ್ಟಾಗ ಅಥವಾ ಹೆಡ್ ಸೀಳಿದಾಗ ದ್ರವ, ಎಣ್ಣೆ ಮತ್ತು ದಹನದ ಅನಿಲಗಳ ಹಾದಿಗಳು ಒಂದಕ್ಕೊಂದು ಕೂಡುತ್ತವೆ.
* ರೇಡಿಯೇಟರ್ ಮುಚ್ಚಳ: ಸ್ಪ್ರಿಂಗ್ ಸಡಿಲವಾದರೆ ದ್ರವವು ಕುದಿದು ಹೊರಚೆಲ್ಲುತ್ತದೆ. ಎಲ್ಲಕ್ಕಿಂತ ಅಗ್ಗದ ಈ ಭಾಗವನ್ನು ಪರೀಕ್ಷಿಸಲು ಮರೆಯುವವರೇ ಹೆಚ್ಚು.

ಲಕ್ಷಣಗಳು

ಜೋಡಣೆಗಳ ಸುತ್ತ ಒಣಗಿದ ಬಿಳಿ, ಹಸಿರು ಅಥವಾ ಗುಲಾಬಿ ಬಣ್ಣದ ಕಲೆ, ಎಂಜಿನ್ ಆರಿಸಿದ ಮೇಲೆ ಬರುವ ಸಿಹಿ ವಾಸನೆ, ಗಾಜಿನ ಒಳಬದಿಯಲ್ಲಿ ಜಿಗುಟು ಮಂಜು – ಇವು ಮೊದಲ ಸೂಚನೆಗಳು. ಎಂಜಿನ್ ಪೂರ್ತಿ ಕಾದ ಮೇಲೂ ಸಿಹಿ ವಾಸನೆಯ ದಟ್ಟ ಬಿಳಿ ಹೊಗೆ ಬರುತ್ತಿದ್ದರೆ ಸಿಲಿಂಡರಿನಲ್ಲಿ ಕೂಲೆಂಟ್ ಸುಡುತ್ತಿದೆ ಎಂದರ್ಥ. ಡಿಪ್‌ಸ್ಟಿಕ್ಕಿನ ಎಣ್ಣೆ ಹಾಲು ಬೆರೆಸಿದ ಚಹದಂತೆ ಕಂಡರೆ ಎಂಜಿನನ್ನು ಮತ್ತೆ ಚಾಲೂ ಮಾಡಬಾರದು. ನೀರು ಬೆರೆತ ಎಣ್ಣೆ ಬೇರಿಂಗುಗಳನ್ನು ರಕ್ಷಿಸದು.

ಕೆಲವು ಚಿಹ್ನೆಗಳು ದಾರಿ ತಪ್ಪಿಸುತ್ತವೆ. ಚಳಿಗಾಲದ ಬೆಳಿಗ್ಗೆ ಅಲ್ಪಕಾಲ ಕಾಣುವ ಬಿಳಿ ಆವಿ, ಬಹಳ ಸಮೀಪದ ಓಡಾಟಕ್ಕಷ್ಟೇ ಬಳಸುವ ಕಾರಿನ ಎಣ್ಣೆ ಮುಚ್ಚಳದಡಿಯ ತೆಳು ನೊರೆ, ಎಸಿಯಿಂದ ನೆಲಕ್ಕೆ ಬೀಳುವ ತಿಳಿನೀರು – ಇವು ಸೋರಿಕೆಯ ಸಾಕ್ಷ್ಯಗಳಲ್ಲ. ತಾಪಮಾಪಕವನ್ನೂ ಪೂರ್ತಿ ನಂಬುವಂತಿಲ್ಲ. ದ್ರವದ ಮಟ್ಟ ತೀರ ಇಳಿದಾಗ ಅದರ ಸಂವೇದಕ ದ್ರವದಿಂದ ಹೊರಗುಳಿಯುತ್ತದೆ; ಎಂಜಿನ್ ಸುಡುತ್ತಿರುವಾಗಲೂ ಮುಳ್ಳು ಸಹಜ ಸ್ಥಾನದಲ್ಲೇ ನಿಂತಿರಬಹುದು.

ಪತ್ತೆಹಚ್ಚುವ ಕ್ರಮ

ಸುಲಭವಾದ ಪರೀಕ್ಷೆಯಿಂದ ಕಠಿಣವಾದುದರತ್ತ ಸಾಗುವುದು ವಾಡಿಕೆ.

1. ತಣ್ಣಗಿರುವ ಎಂಜಿನ್ನಿಗೆ ಕೂಲೆಂಟ್ ತುಂಬಿ, ರಿಸರ್ವ್ ಟ್ಯಾಂಕಿನಲ್ಲಿ ಮಟ್ಟದ ಗುರುತು ಹಾಕಿ, ಕೆಲವು ದಿನ ಪ್ರತಿ ಬೆಳಿಗ್ಗೆ ನೋಡಬೇಕು. ರೇಡಿಯೇಟರಿನ ಮಟ್ಟವನ್ನೂ ನೋಡುವುದು ಅಗತ್ಯ.
2. ಮುಚ್ಚಳದ ರಬ್ಬರ್, ಸ್ಪ್ರಿಂಗ್, ಹೋಸುಗಳು ಮತ್ತು ಕ್ಲಿಪ್ಪುಗಳನ್ನು ಪರಿಶೀಲಿಸಬೇಕು.
3. ತಣ್ಣಗಿನ ಎಂಜಿನ್ನಿನ ರೇಡಿಯೇಟರಿಗೆ ಕೈಪಂಪಿನ ಪರೀಕ್ಷಕವನ್ನು ಜೋಡಿಸಿ, ಮುಚ್ಚಳದ ಮೇಲೆ ನಮೂದಿಸಿದಷ್ಟೇ ಒತ್ತಡ ಕೊಟ್ಟು 10–15 ನಿಮಿಷ ಕಾಯಬೇಕು. ಮುಳ್ಳು ಇಳಿದರೆ ಸೋರಿಕೆ ಖಚಿತ. ಹೊರಗೆಲ್ಲೂ ತೇವ ಕಾಣದಿದ್ದರೆ ಅದು ಎಂಜಿನ್ನಿನ ಒಳಗಿರುವ ಸಾಧ್ಯತೆ ಹೆಚ್ಚು.
4. ಹೊರಗಿನ ಅತಿ ಸಣ್ಣ ಜಿನುಗನ್ನು ಕಾಣಲು ಕೂಲೆಂಟಿನಲ್ಲಿ ಹೊಳೆಯುವ ಬಣ್ಣವನ್ನು ಬೆರೆಸಿ, ಕಾರನ್ನು ಓಡಿಸಿದ ಬಳಿಕ ನೇರಳಾತೀತ ದೀಪದಲ್ಲಿ ಹುಡುಕುತ್ತಾರೆ.
5. ಒಳ ಸೋರಿಕೆಯ ಶಂಕೆಯಿದ್ದರೆ ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ ನೋಡಬೇಕು. ಉಳಿದವುಗಳಿಗಿಂತ ಒಂದು ಮಾತ್ರ ತೊಳೆದಂತೆ ಶುಭ್ರವಾಗಿದ್ದರೆ ಆ ಸಿಲಿಂಡರಿಗೆ ಕೂಲೆಂಟ್ ಹೋಗುತ್ತಿರಬಹುದು.
6. ರೇಡಿಯೇಟರಿನ ಬಾಯಿಯ ಅನಿಲವನ್ನು ನೀಲಿ ಪರೀಕ್ಷಾದ್ರವದ ಮೂಲಕ ಹಾಯಿಸಿದಾಗ ಅದು ಹಳದಿಗೆ ತಿರುಗಿದರೆ ದಹನದ ಇಂಗಾಲದ ಡೈಆಕ್ಸೈಡ್ ಸೇರಿದೆ ಎಂದರ್ಥ.
7. ಕಂಪ್ರೆಷನ್ ಪರೀಕ್ಷೆಯಲ್ಲಿ ಅಕ್ಕಪಕ್ಕದ ಎರಡು ಸಿಲಿಂಡರುಗಳು ದುರ್ಬಲವಾಗಿದ್ದರೆ ಅವುಗಳ ನಡುವೆ ಗ್ಯಾಸ್ಕೆಟ್ ಸುಟ್ಟಿರುವ ಸಂಭವವಿದೆ.

ದುರಸ್ತಿ

ಮೆತ್ತಗಾದ ಅಥವಾ ಬಿರಿದ ಹೋಸುಗಳನ್ನು ಕ್ಲಿಪ್ಪುಗಳ ಸಹಿತ ಬದಲಿಸಬೇಕು. ಜಿನುಗುವ ವಾಟರ್ ಪಂಪಿನ ರಂಧ್ರವನ್ನು ಮುಚ್ಚಬಾರದು. ಆ ದ್ರವ ಬೇರಿಂಗಿಗೆ ನುಗ್ಗುತ್ತದೆ. ಹಿತ್ತಾಳೆ ಮತ್ತು ತಾಮ್ರದ ಹಳೆಯ ರೇಡಿಯೇಟರುಗಳನ್ನು ಬೆಸುಗೆ ಹಾಕಿ ಸರಿಪಡಿಸಬಹುದು. ಪ್ಲಾಸ್ಟಿಕ್ ತೊಟ್ಟಿಯಿರುವವು ಬಿರಿದರೆ ಬದಲಿಸುವುದೇ ಲೇಸು. ಒಂದು ವೆಲ್ಚ್ ಪ್ಲಗ್ ತೂತಾಗಿದ್ದರೆ ಉಳಿದವೂ ಅದೇ ವಯಸ್ಸಿನವು ಎಂಬುದನ್ನು ಮರೆಯಬಾರದು.

ಹೆಡ್ ಗ್ಯಾಸ್ಕೆಟ್ ಬದಲಿಸುವಾಗ ಹೆಡ್ ಬಾಗಿದೆಯೇ ಎಂಬುದನ್ನು ನೇರಪಟ್ಟಿ ಮತ್ತು ಫೀಲರ್ ಗೇಜ್‌ಗಳಿಂದ ಅಳೆಯಬೇಕು. ಹಲವು ಸಣ್ಣ ಎಂಜಿನ್‌ಗಳಲ್ಲಿ ಒಪ್ಪಬಹುದಾದ ಮಿತಿ 0.05 ಮಿ.ಮೀ. ಮಾತ್ರ. ಮಿತಿ ಮೀರಿದ್ದರೆ ಲೇತ್ ಅಂಗಡಿಯಲ್ಲಿ ಮಟ್ಟ ಮಾಡಿಸಿ, ಸೀಳುಗಳಿಗಾಗಿ ಒತ್ತಡ ಪರೀಕ್ಷೆ ಮಾಡಿಸಬೇಕು. ಬೋಲ್ಟುಗಳನ್ನು ಕೈಪಿಡಿಯ ಕ್ರಮದಂತೆ, ಸಾಮಾನ್ಯವಾಗಿ ನಡುವಿನಿಂದ ಹೊರಕ್ಕೆ, ಟಾರ್ಕ್ ವ್ರೆಂಚಿನಿಂದ ಹಂತ ಹಂತವಾಗಿ ಬಿಗಿಯಬೇಕು. ಎಂಜಿನ್ ಕಾಯಲು ಕಾರಣವೇನೆಂದು ತಿಳಿಯದೆ ಗ್ಯಾಸ್ಕೆಟ್ ಮಾತ್ರ ಬದಲಿಸಿದರೆ ಹೊಸದೂ ಸುಡುತ್ತದೆ.

ಕೊನೆಯಲ್ಲಿ ವ್ಯವಸ್ಥೆಯನ್ನು ತೊಳೆದು, ಕೂಲೆಂಟ್ ಮತ್ತು ಬಟ್ಟಿ ಇಳಿಸಿದ ನೀರನ್ನು ಸಾಮಾನ್ಯವಾಗಿ ಸಮಪ್ರಮಾಣದಲ್ಲಿ ಬೆರೆಸಿ ತುಂಬಿ, ಸಿಲುಕಿದ ಗಾಳಿಯನ್ನು ಹೊರಬಿಡಬೇಕು. ಬ್ಯಾಟರಿಗೆ ಹಾಕುವ ಶುದ್ಧ ನೀರು ಇದಕ್ಕೂ ಸಲ್ಲುತ್ತದೆ.

ತಾತ್ಕಾಲಿಕ ಉಪಾಯಗಳು

ರೇಡಿಯೇಟರಿಗೆ ಅರಿಶಿನ ಪುಡಿ ಹಾಕುವುದು ಭಾರತದ ರಸ್ತೆಬದಿಯ ಹಳೆಯ ಉಪಾಯ. ಪುಡಿಯು ಸಣ್ಣ ರಂಧ್ರದಲ್ಲಿ ಸೇರಿಕೊಂಡು ಸ್ವಲ್ಪ ದೂರ ಸಾಗಲು ನೆರವಾಗಬಹುದು. ಆದರೆ ಅದಕ್ಕೆ ಬೇಕಾದ ಹಾದಿ, ಬೇಡದ ಹಾದಿ ಎಂಬ ಭೇದ ತಿಳಿಯದು. ರೇಡಿಯೇಟರಿನ ಕೊಳವೆಗಳನ್ನೂ ಮುಚ್ಚುತ್ತದೆ. ಅಂಗಡಿಗಳಲ್ಲಿ ಸಿಗುವ ಸೋರಿಕೆ ತಡೆಯುವ ದ್ರವಗಳಿಗೂ ಈ ಮಾತು ಬಹುಮಟ್ಟಿಗೆ ಅನ್ವಯಿಸುತ್ತದೆ.

ಸುರಕ್ಷತೆ

ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳವನ್ನು ಎಂದಿಗೂ ತೆಗೆಯಬಾರದು. ಒತ್ತಡ ಇಳಿದೊಡನೆ ದ್ರವ ಕ್ಷಣದಲ್ಲಿ ಕುದಿದು ಮುಖ ಮತ್ತು ಕೈಗಳನ್ನು ಸುಡುತ್ತದೆ. ಅತಿಯಾಗಿ ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಬ್ಲಾಕ್ ಅಥವಾ ಹೆಡ್ ಸೀಳಬಹುದು. ಆರುವವರೆಗೆ ಕಾಯುವುದೇ ಪರಿಹಾರ. ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿದ್ದರೂ ವಿಷ. ಅದು ಮೂತ್ರಪಿಂಡಗಳನ್ನು ಕೆಡಿಸುತ್ತದೆ. ಬಸಿದ ದ್ರವವನ್ನು ಗ್ಯಾರೇಜಿನ ಅಂಗಳದಲ್ಲಿ ಚೆಲ್ಲಿದರೆ ನಾಯಿಗಳೂ ದನಕರುಗಳೂ ನೆಕ್ಕುವ ಅಪಾಯವಿದೆ. ಆದ್ದರಿಂದ ಅದನ್ನು ಮುಚ್ಚಿದ ಡಬ್ಬಿಯಲ್ಲಿ, ಮಕ್ಕಳ ಕೈಗೆಟುಕದಂತೆ ಇಡಬೇಕು. ಚರಂಡಿಗೂ ಬಾವಿಯ ಸಮೀಪಕ್ಕೂ ಸುರಿಯಬಾರದು.