ಗಿರಣಿಯ ಸೀಟಿ, ಶಾಲೆಯ ಗಂಟೆ



ಯುರೋಪಿನ ಕೈಗಾರಿಕಾ ಕ್ರಾಂತಿಯ ಪಾಠವನ್ನು ನೀವು ಓದಿದ್ದೀರಿ. ಅದಕ್ಕೂ ಭೂತನಾಳದ ನಮಗೂ ಏನು ಸಂಬಂಧ ಎಂದು ಕೇಳಬಹುದು. ವಿಜಯಪುರ ನಿಲ್ದಾಣದಲ್ಲಿ ಸೊಲ್ಲಾಪುರದ ರೈಲು ಹತ್ತಿದರೆ ಆ ಸಂಬಂಧ ತಿಳಿಯುತ್ತದೆ.

ಹಬೆಯಂತ್ರ ಬಂದ ಮೇಲೆ ಇಂಗ್ಲೆಂಡಿನ ಕೈಮಗ್ಗದ ನೇಕಾರರು ಬೀದಿಗೆ ಬಿದ್ದರು. ಅವರ ಮಕ್ಕಳು ಗಿರಣಿ ಸೇರಿ ಹನ್ನೆರಡು ತಾಸಿಗೂ ಹೆಚ್ಚು ದುಡಿದರು. ಜನ ದನಿಯೆತ್ತಿದ ಫಲವಾಗಿ 1833ರ ಕಾಯ್ದೆ ಬಂತು. ಬಟ್ಟೆ ಗಿರಣಿಗಳಲ್ಲಿ 9 ವರ್ಷದೊಳಗಿನ ಮಕ್ಕಳ ದುಡಿಮೆಗೆ ತಡೆ ಬಿತ್ತು; 9ರಿಂದ 13ರ ಮಕ್ಕಳಿಗೆ ದಿನಕ್ಕೆ 2 ತಾಸು ಪಾಠ ಕಡ್ಡಾಯವಾಯಿತು. 1838ರಿಂದ ಚಾರ್ಟಿಸ್ಟ್ ಚಳವಳಿಗಾರರು ಎಲ್ಲ ಗಂಡಸರಿಗೂ ಮತದಾನದ ಹಕ್ಕು ಕೇಳಿದರು. ಸಂಸತ್ತು ಅವರ ಮನವಿಗಳನ್ನು ತಳ್ಳಿಹಾಕಿತು. ಆದರೂ 1867ರಲ್ಲಿ ಪಟ್ಟಣದ ಅನೇಕ ಕಾರ್ಮಿಕರಿಗೆ ಮತ ದೊರೆಯಿತು. 1870ರ ಶಿಕ್ಷಣ ಕಾಯ್ದೆಯಿಂದ ಬಡವರ ಮಕ್ಕಳಿಗೂ ಶಾಲೆಗಳು ಬಂದವು.

ಅದೇ ಗಿರಣಿಗಳ ಅಗ್ಗದ ಬಟ್ಟೆ ನಮ್ಮ ಸಂತೆಗಳಿಗೂ ಬಂದು ಇಲ್ಲಿನ ಮಗ್ಗಗಳಿಗೆ ಪೆಟ್ಟು ಕೊಟ್ಟಿತು. ಅದರ ಮೇಲೆ 1876-78ರ ಭೀಕರ ಬರ. 1870ರ ದಶಕದಲ್ಲಿ ಸೊಲ್ಲಾಪುರದಲ್ಲಿ ನೂಲಿನ ಗಿರಣಿ ಎದ್ದಿತು. 1884ರಲ್ಲಿ ಹೋಟಗಿ-ಗದಗ ರೈಲು ಮಾರ್ಗ ನಮ್ಮ ಊರ ಕಡೆಯಿಂದ ಹಾಯಿತು. ಹೊಲ, ಮಗ್ಗ ಕೈಬಿಟ್ಟವರಿಗೆ ಗಿರಣಿಯ ದಾರಿ ತೆರೆಯಿತು. ಆದರೆ 1881ರಲ್ಲಿ ಬಂದ ಭಾರತದ ಮೊದಲ ಕಾರ್ಖಾನೆ ಕಾಯ್ದೆ ತಡೆದದ್ದು 7 ವರ್ಷದೊಳಗಿನವರನ್ನು ಮಾತ್ರ. ಪಾಠದ ಮಾತೇ ಅದರಲ್ಲಿರಲಿಲ್ಲ. ಇಂಗ್ಲೆಂಡಿನ ಮಗುವಿಗೆ 9, ನಮ್ಮ ಮಗುವಿಗೆ 7! ಅದೂ 48 ವರ್ಷಗಳ ನಂತರ! ಆಳುವವರು ಒಬ್ಬರೇ, ನ್ಯಾಯ ಮಾತ್ರ ಎರಡು.

ಈ ಅನ್ಯಾಯ ಕಾರ್ಮಿಕರಿಗೆ ಅರ್ಥವಾಗದೆ ಇರಲಿಲ್ಲ. 1930ರ ಮೇ ತಿಂಗಳಲ್ಲಿ ಗಾಂಧೀಜಿಯವರ ಬಂಧನವಾದಾಗ ಸೊಲ್ಲಾಪುರದ ಗಿರಣಿ ಕಾರ್ಮಿಕರು ಬೀದಿಗಿಳಿದರು. ಗೋಲಿಬಾರ್ ನಡೆಯಿತು, ಲಷ್ಕರಿ ಕಾನೂನು ಜಾರಿಯಾಯಿತು. 1931ರ ಜನವರಿ 12ರಂದು ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಕಿಸನ್ ಸಾರಡಾ ಎಂಬ ನಾಲ್ವರನ್ನು ಯರವಡಾ ಜೈಲಿನಲ್ಲಿ ಗಲ್ಲಿಗೇರಿಸಲಾಯಿತು. ಅವರಲ್ಲಿ ಕುರ್ಬಾನ್ ಹುಸೇನರು ಇನ್ನೂ ಇಪ್ಪತ್ತರ ಆಸುಪಾಸಿನ ಯುವಕ.

ಗೆಳೆಯರೇ, ಯಂತ್ರ ತಾನಾಗಿ ಯಾರಿಗೂ ಹಕ್ಕು ಕೊಡಲಿಲ್ಲ. ಕಲಿತು, ಒಗ್ಗಟ್ಟಾಗಿ ಕೇಳಿದವರಿಗೇ ಅದು ದಕ್ಕಿತು. ಇಂದು 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಪ್ರತಿ ಮಗುವಿಗೂ ಶಾಲೆಯ ಬಾಗಿಲು ತೆರೆದಿದೆ. ಆದರೂ ಗ್ಯಾರೇಜಿನಲ್ಲಿ ಪಾನಾ ಹಿಡಿದ, ಹೋಟೆಲಿನಲ್ಲಿ ಕಪ್ಪು ತೊಳೆಯುವ ನಮ್ಮ ಮಕ್ಕಳನ್ನು ಕಂಡಾಗ, 1881 ಇನ್ನೂ ಮುಗಿದಿಲ್ಲವೇನೋ ಎನಿಸುತ್ತದೆ. ಇಲ್ಮ್ ನಮಗೆ ಫರ್ಜ್. ನಿಮ್ಮ ಓಣಿಯಲ್ಲಿ ಶಾಲೆ ಬಿಟ್ಟ ಒಂದು ಮಗುವಿದ್ದರೆ, ನಾಳೆ ಅದರ ಕೈಹಿಡಿದು ಶಾಲೆಗೆ ಕರೆತನ್ನಿ. ಅಲ್ಲಾಹನು ನಮ್ಮೆಲ್ಲರಿಗೂ ಆ ತೌಫೀಕ್ ನೀಡಲಿ. ಆಮೀನ್.