ಹೆಂಡತಿಯ ದುಡಿಮೆ, ಗಂಡನ ವೀಸಾ

‘ಡಿಪೆಂಡೆಂಟ್ ವೀಸಾ’ ಎಂದೊಡನೆ ನಮ್ಮ ಐಟಿಯವರಿಗೆ ಗಂಡನ ಹಿಂದೆ ಹೊರಟ ಹೆಂಡತಿಯೇ ನೆನಪಾಗುತ್ತಾಳೆ. ಬ್ರಿಟನ್ನಿನ ಕಾನೂನೂ ಬಹುಕಾಲ ಹಾಗೆಯೇ ಯೋಚಿಸಿತ್ತು. 1980ರ ನಿಯಮಗಳಂತೆ ಅಲ್ಲಿ ನೆಲೆಸಿದ ಗಂಡಸು ವಿದೇಶಿ ಹೆಂಡತಿಯನ್ನು ಕರೆಸಿಕೊಳ್ಳುವುದು ಸುಲಭ. ಹೆಂಗಸು ಗಂಡನನ್ನು ಕರೆಸಿಕೊಳ್ಳುವುದು ಕಷ್ಟ. ಮೂವರು ಮಹಿಳೆಯರು ಇದನ್ನು ಪ್ರಶ್ನಿಸಿ 1985ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದಲ್ಲಿ ಗೆದ್ದರು. ಸರ್ಕಾರ ಮಾಡಿದ್ದೇನು? ಹೆಂಗಸರಿಗೆ ಸಡಿಲಿಸುವ ಬದಲು ಗಂಡಸರಿಗೂ ಬಿಗಿ ಮಾಡಿತು! ಇದೂ ಒಂದು ಸಮಾನತೆ.

ಬೇರೊಂದು ದಾರಿ ತೆರೆದದ್ದು ಒಬ್ಬ ಭಾರತೀಯನ ಪ್ರಕರಣದಿಂದ. ಸುರಿಂದರ್ ಸಿಂಗ್ 1982ರಲ್ಲಿ ಬ್ರಿಟಿಷ್ ಮಹಿಳೆಯನ್ನು ಮದುವೆಯಾದರು. 1983ರಿಂದ 1985ರವರೆಗೆ ಇಬ್ಬರೂ ಜರ್ಮನಿಯಲ್ಲಿ ದುಡಿದು, ಸ್ವಂತ ವ್ಯಾಪಾರ ಮಾಡಲೆಂದು ಬ್ರಿಟನ್ನಿಗೆ ಮರಳಿದರು. ಮುಂದೆ ದಾಂಪತ್ಯ ಮುರಿಯುತ್ತ ಬಂದಾಗ ಸರ್ಕಾರ ಅವರನ್ನು ದೇಶದಿಂದ ಕಳುಹಿಸಲು ಹೊರಟಿತು. ಪ್ರಕರಣ ಲಕ್ಸೆಂಬರ್ಗಿನ ಯುರೋಪಿಯನ್ ನ್ಯಾಯಾಲಯ ತಲುಪಿತು. 1992ರ ಜುಲೈ 7ರಂದು ತೀರ್ಪು ಬಂತು: ಹೆಂಡತಿ ಇನ್ನೊಂದು ಸದಸ್ಯ ದೇಶದಲ್ಲಿ ದುಡಿದು ತಾಯ್ನಾಡಿಗೆ ಮರಳುವಾಗಲೂ ಗಂಡನಿಗೆ ಜೊತೆಯಲ್ಲಿ ನೆಲೆಸುವ ಹಕ್ಕಿದೆ. ಆ ದಾರಿಗೆ ಬಿದ್ದದ್ದು ಸಿಂಗ್ ಅವರ ಹೆಸರು; ಹಕ್ಕು ಹುಟ್ಟಿದ್ದು ಮಾತ್ರ ಹೆಂಡತಿಯ ದುಡಿಮೆಯಿಂದ. ನನಗೆ ಮುಖ್ಯ ಅನ್ನಿಸುವುದು ಇದೇ.

2012ರಲ್ಲಿ ಬ್ರಿಟನ್ ಸಂಗಾತಿಯ ವೀಸಾಕ್ಕೆ ವರ್ಷಕ್ಕೆ 18,600 ಪೌಂಡ್ ಆದಾಯದ ಷರತ್ತು ಹಾಕಿತು. ಅಷ್ಟು ಸಂಬಳವಿಲ್ಲದ ಜೋಡಿಗಳು ಐರ್ಲೆಂಡಿನಂಥ ದೇಶಕ್ಕೆ ಹೋಗಿ, ಕೆಲಸ ಮಾಡಿ, ಈ ದಾರಿಯಿಂದ ಮರಳಿದರು. ಬ್ರೆಕ್ಸಿಟ್ ಅದನ್ನು ಮುಚ್ಚಿತು. ಆದಾಯದ ಮಿತಿ 2024ರ ಏಪ್ರಿಲ್‌ನಲ್ಲಿ 29,000 ಪೌಂಡಿಗೆ ಏರಿತು. ಹೊರದೇಶದಲ್ಲಿ ಜೊತೆಗಿದ್ದು ಅರ್ಜಿ ಹಾಕುವ ಜೋಡಿ ಅಲ್ಲಿನ ಸಂಬಳ ತೋರಿಸಿದರೆ ಸಾಲದು. ಮರಳಿದ ಮೂರು ತಿಂಗಳೊಳಗೆ ಬ್ರಿಟನ್ನಿನಲ್ಲಿ ಶುರುವಾಗುವ ಕೆಲಸದ ಪತ್ರವೂ ಬೇಕು, ಇಲ್ಲವೇ ದೊಡ್ಡ ಉಳಿತಾಯ.